ಸಾಧಾರಣವನ

ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದ ಆರಂಭದಲ್ಲಿ, ಮನುಷ್ಯನು ನೆಟ್ಟು ಬೆಳೆಯಿಸಿದ ವನಗಳಿಗೆ ಕೆಲವು ಹೆಸರುಗಳನ್ನು ಹೇಳಿರುವನು. ಕೃತಕವಾಗಿ ಮಾಡಿದ ವನವೆಲ್ಲವೂ ಆರಾಮ ಅಥವಾ ಉಪವನ. ಅಮಾತ್ಯರ ಮತ್ತು ಗಣಿಕೆಯರ ಮನೆಗಳಿಗೆ ಸೇರಿದುದು ವೃಕ್ಷವಾಟಿಕೆ. ಅಂತಃಪುರದವರಿಗೆ ಮೀಸಲಾದುದು ಪ್ರಮದವನ. ಅರಸನದಾಗಿದ್ದರೂ ಸಾಧಾರಣವಾಗಿರುವುದು ಯಾವುದೋ ಅದು ಆಕ್ರೀಡ, ಅದೇ ಉದ್ಯಾನ. ಬಾಲ್ಯದಲ್ಲಿ ಅಮರವನ್ನು ಕಂಠಪಾಠ ಮಾಡಿದವರು ಈ ಭಾಗವನ್ನು ನೂರು ಸಲ ಒಪ್ಪಿಸಿದ್ದರೂ ಅದರಲ್ಲಿ ಅಡಗಿರುವ ಒಂದು ವಿಶೇಷವನ್ನು ಗಮನಿಸಿರುವುದು ಅಪೂರ್ವ. ಯಾವ ವನದಲ್ಲಿ ಯಾವ ಮರಗಳಿರಬೇಕು, ಹೂವು ಎಷ್ಟು, ನೀರು ಎಷ್ಟು, ವಿಸ್ತಾರವೆಷ್ಟು ಎಂಬ ಭೇದದಿಂದ ಈ ಹೆಸರುಗಳು ಬಂದಿಲ್ಲ. ಒಳಗೆ ಯಾರು ಹೋಗಬಹುದು ಎಂಬ ಒಂದೇ ಭೇದದಿಂದ ಬಂದಿವೆ. ಅದೇ ಮಾವು, ಅದೇ ಸಂಪಿಗೆ, ಅದೇ ಕೊಳ. ಬಾಗಿಲು ಯಾರಿಗೆ ತೆರೆಯುವುದೆಂಬುದರ ಮೇಲೆ ಒಂದು ಪ್ರಮದವನವಾಗುವುದು, ಇನ್ನೊಂದು ಉದ್ಯಾನವಾಗುವುದು.

ಸಾಧಾರಣವೆಂಬ ಮಾತು ಕನ್ನಡದಲ್ಲಿ ಈಗ ಬಹಳ ಇಳಿದುಹೋಗಿದೆ. ಸಾಧಾರಣ ಅಕ್ಕಿಯೆಂದರೆ ಮೇಲ್ತರಗತಿಯದಲ್ಲದ ಅಕ್ಕಿ. ಸಾಧಾರಣ ವಿದ್ಯಾರ್ಥಿಯೆಂದರೆ ಬುದ್ಧಿ ಮಂದವಾದವನು. ಮೂಲದಲ್ಲಿ ಆ ಶಬ್ದಕ್ಕೆ ಹಲವರಿಗೆ ಸಮಾನವಾಗಿ ಸೇರಿದ್ದು, ಒಬ್ಬನದೆಂದು ಬೇರ್ಪಡಿಸಲಾಗದ್ದು ಎಂದು ಅರ್ಥ. ಎಲ್ಲರದ್ದಾದುದು ಕೀಳಾದುದೆಂಬ ಅರ್ಥವು ಹೇಗೆ ಬಂದಿತೋ, ಅದು ಭಾಷೆಯ ಇತಿಹಾಸಕ್ಕಿಂತ ಜನರ ಮನಸ್ಸಿನ ಇತಿಹಾಸಕ್ಕೆ ಸೇರಿದ ವಿಷಯ.

ಈಗ ಅರಸನಿಲ್ಲ. ಅವನ ಸ್ಥಾನದಲ್ಲಿ ಪುರಸಭೆಗಳೂ ಪಂಚಾಯತುಗಳೂ ಅಭಿವೃದ್ಧಿ ಪ್ರಾಧಿಕಾರಗಳೂ ಇವೆ. ಊರಿಗೊಂದು ಹೊಸ ಉದ್ಯಾನವು ಬೇಕೆಂದು ಇವುಗಳಿಗೆ ತೋರಿದಾಗ ನಡೆಯುವ ಕ್ರಮವನ್ನು ಎಲ್ಲರೂ ಬಲ್ಲರು. ಒಂದು ಸರ್ವೆ ನಂಬರನ್ನು ಗುರುತಿಸುವರು. ಎಂಜಿನಿಯರು ನಕ್ಷೆಯನ್ನು ಬರೆಯುವನು. ಗುತ್ತಿಗೆದಾರನು ಬೇಲಿಯನ್ನೂ ಕಾರಂಜಿಯನ್ನೂ ಸಿಮೆಂಟಿನ ಜಿಂಕೆಗಳನ್ನೂ ಇರಿಸುವನು. ಕೊನೆಗೆ ಹೆಸರುಗಳನ್ನು ಕೊರೆದ ಕಲ್ಲೊಂದು ನಿಲ್ಲುವುದು. ಊರವರಿಗೆ ಉದ್ಘಾಟನೆಯ ಆಮಂತ್ರಣಪತ್ರಿಕೆಯೇ ಮೊದಲನೆಯ ವರ್ತಮಾನ. ಕಾಯಿದೆಯಲ್ಲಿ ಕೇಳಬೇಕೆಂಬ ವಿಧಿಯಿಲ್ಲವೆಂದಲ್ಲ. ಪಟ್ಟಣದ ಮಹಾಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಹೇಳುವುದು. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ಎಪ್ಪತ್ತಮೂರನೆಯ ಮತ್ತು ಎಪ್ಪತ್ತನಾಲ್ಕನೆಯ ತಿದ್ದುಪಡಿಗಳು ಹಳ್ಳಿಗಳಲ್ಲಿ ಗ್ರಾಮಸಭೆಗೂ ದೊಡ್ಡ ನಗರಗಳಲ್ಲಿ ವಾರ್ಡು ಸಮಿತಿಗೂ ಸ್ಥಾನವನ್ನು ಕೊಟ್ಟಿವೆ. ಆದರೆ ಕಾಯಿದೆಯು ವಿಧಿಸಿದ ಮಾತ್ರಕ್ಕೆ ಒಂದು ಕಾರ್ಯವು ಧರ್ಮವಾಗುವುದಿಲ್ಲ. ಇಲ್ಲಿ ವಿಚಾರಣೀಯವಾದುದು ಬೇರೆ. ಉದ್ಯಾನವನ್ನು ಮಾಡುವ ಮುನ್ನ ಊರವರನ್ನು ಕೇಳುವುದು ಸೌಜನ್ಯವೊ, ಕರ್ತವ್ಯವೊ? ಸೌಜನ್ಯವಾದರೆ ಕೇಳದಿದ್ದವನು ಒರಟನು, ಅಷ್ಟೇ. ಕರ್ತವ್ಯವಾದರೆ ಅವನು ಅಪರಾಧಿ. ಉದ್ಯಾನವು ಎಷ್ಟೇ ಸುಂದರವಾಗಿದ್ದರೂ ಆ ಅಪರಾಧವು ಹೋಗದು.

ಪೂರ್ವಪಕ್ಷವು ದುರ್ಬಲವಾದುದಲ್ಲ. ಕನ್ನಡನಾಡಿನ ಕೀರ್ತಿಗೆ ಕಾರಣವಾದ ಉದ್ಯಾನಗಳಲ್ಲಿ ಯಾವುದನ್ನು ಜನರನ್ನು ಕೇಳಿ ಮಾಡಿದರು? ೧೭೬೦ರಲ್ಲಿ ಹೈದರಾಲಿಯು ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದಾಗ ಪೇಟೆಯ ಜನರ ಸಭೆಯನ್ನು ಕರೆಯಲಿಲ್ಲ. ೧೮೭೦ರಲ್ಲಿ ರಿಚರ್ಡ್ ಸ್ಯಾಂಕಿಯು ಈಗಿನ ಕಬ್ಬನ್ ಉದ್ಯಾನವನ್ನು ರೂಪಿಸಿದನು; ಅದಕ್ಕೆ ಮೊದಲು ಮೀಡನ ಹೆಸರು, ಆಮೇಲೆ ಕಬ್ಬನ್ನನ ಹೆಸರು, ೧೯೨೭ರಲ್ಲಿ ಚಾಮರಾಜೇಂದ್ರರ ಹೆಸರು ಬಂದಿತು; ಮೂರು ಹೆಸರುಗಳಲ್ಲಿ ಒಂದನ್ನಾದರೂ ಅಲ್ಲಿ ನಡೆದಾಡುವವರನ್ನು ಕೇಳಿ ಇಟ್ಟುದಲ್ಲ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಳಗೆ ಎದ್ದ ಬೃಂದಾವನವೂ ಹಾಗೆಯೇ. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯದು ಅರಳುವಂತೆ ಸಾಲುಮರಗಳನ್ನು ಯೋಚಿಸಿ ನೆಡಿಸಿದ ಕ್ರುಂಬಿಗಲ್ಲನು ಜರ್ಮನಿಯಿಂದ ಬಂದವನು. ಅವನು ತನ್ನ ವಿದ್ಯೆಯನ್ನು ನಂಬಿದನು, ಜನರ ಅಭಿಪ್ರಾಯವನ್ನಲ್ಲ. ಹೀಗಿರಲು, ಹತ್ತು ಜನರು ಸೇರಿ ಹನ್ನೊಂದು ಮಾತನ್ನಾಡುವ ಸಭೆಯಿಂದ ಯಾವ ಉದ್ಯಾನವು ಹುಟ್ಟೀತು? ಚಿತ್ರಕ್ಕೆ ಚಿತ್ರಕಾರನು ಒಬ್ಬನೇ ಇರಬೇಕಲ್ಲವೆ?

ಇದರಲ್ಲಿ ಒಪ್ಪತಕ್ಕ ಅಂಶವುಂಟು. ಯಾವ ಮರವು ಯಾವ ಮಣ್ಣಿನಲ್ಲಿ ಏಳುವುದು, ಬೇರು ಎಷ್ಟು ದೂರ ಹರಡುವುದು, ಮಳೆಯ ನೀರನ್ನು ಎಲ್ಲಿ ಇಳಿಯಿಸಬೇಕು ಎಂಬುದನ್ನು ಕೈಯೆತ್ತಿಸಿ ನಿರ್ಣಯಿಸಲಾಗದು. ಅದು ಬಲ್ಲವರ ಕಾರ್ಯ. ಆದರೆ ಪೂರ್ವಪಕ್ಷವು ಒಂದನ್ನು ಕಾಣದೆ ಬಿಟ್ಟಿದೆ. ಉದ್ಯಾನದಲ್ಲಿ ಏನನ್ನು ನೆಡಬೇಕು ಎಂಬ ಪ್ರಶ್ನೆಗಿಂತ ಮೊದಲು, ಅದನ್ನು ನೆಡುವ ನೆಲದಲ್ಲಿ ಈಗ ಏನಿದೆ ಎಂಬ ಪ್ರಶ್ನೆಯುಂಟು. ಇದಕ್ಕೆ ನಕ್ಷೆಯು ಕೊಡುವ ಉತ್ತರವು ಯಾವಾಗಲೂ ಒಂದೇ: ಖಾಲಿ ಜಾಗ.

ಕುಂದಾಪುರ, ಬೈಂದೂರು ಕಡೆಯ ಜನರಿಗೆ ಖಾಲಿ ಜಾಗವೆಂದರೇನೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ. ದಾಖಲೆಯಲ್ಲಿ ಪರಂಬೋಕೆಂದು ಬರೆದಿರುವ ಒಂದೆಕರೆ ಹಾಡಿಯನ್ನು ನೋಡಿರಿ. ಬೆಳಿಗ್ಗೆ ಅಲ್ಲಿಂದ ಹಟ್ಟಿಗೆ ಸೊಪ್ಪು ಬರುವುದು, ಬೇಸಿಗೆಯಲ್ಲಿ ಮುದುಕಿಯರು ತರಗೆಲೆಯನ್ನು ಗುಡಿಸಿ ಬುಟ್ಟಿ ತುಂಬುವರು, ದನಗಳು ಮೇಯುವುವು, ಶಾಲೆ ಬಿಟ್ಟ ಹುಡುಗರು ಚೆಂಡಾಡುವರು. ಒಂದು ಮೂಲೆಯಲ್ಲಿ ನಾಗನಿಗೆ ಸೇರಿದ ನಾಲ್ಕು ಮರ, ಬಳ್ಳಿ, ಹುತ್ತ. ಅಲ್ಲಿ ಯಾರೂ ಕತ್ತಿಯಿಡರು. ವರ್ಷಕ್ಕೊಮ್ಮೆ ಮಾರಣಕಟ್ಟೆ ಮೇಳದ ಹರಕೆಯಾಟಕ್ಕೆ ರಂಗಸ್ಥಳ ಏಳುವುದು ಅದರ ಪಕ್ಕದ ಬಯಲಿನಲ್ಲಿಯೇ. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಭೂದಾಖಲೆಗಳು ಈ ಬಳಕೆಗಳಲ್ಲಿ ಕೆಲವನ್ನು ಮನ್ನಿಸಿಯೂ ಇದ್ದುವು: ವರ್ಗದ ಜಮೀನಿನ ಅಂಚಿನಿಂದ ನೂರು ಗಜದೊಳಗಣ ಸರಕಾರಿ ನೆಲದಲ್ಲಿ ಸೊಪ್ಪು, ಹುಲ್ಲು, ಸೌದೆಗಳನ್ನು ತೆಗೆದುಕೊಳ್ಳುವ ಕುಮ್ಕಿಯೆಂಬ ಸವಲತ್ತು ಈ ಸೀಮೆಯ ವಿಶೇಷ. ಆದರೆ ವರ್ಗವಿದ್ದವನಿಗೆ ಕುಮ್ಕಿ. ವರ್ಗವಿಲ್ಲದವನು ತರಗೆಲೆ ಗುಡಿಸುವುದಕ್ಕೆ ಯಾವ ಕಾಗದವೂ ಇಲ್ಲ. ಅವನಿಗೆ ಇದ್ದುದು ರೂಢಿ ಮಾತ್ರ. ಬೇಲಿ ಬಂದ ದಿನ ಮೊದಲು ಹೋಗುವುದು ಆ ರೂಢಿಯೇ.

ಇದು ಬಡ ಹಳ್ಳಿಗಳ ಕಥೆಯೆಂದು ಯಾರೂ ತಿಳಿಯಬೇಕಾದುದಿಲ್ಲ. ಲೋಕದಲ್ಲೆಲ್ಲಾ ಹೆಸರಾದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಮಾಡುವಾಗ ಆ ನೆಲದಲ್ಲಿ ಸೆನೆಕಾ ಗ್ರಾಮವೆಂಬ ಒಂದು ಕೇರಿಯಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನರು. ಹಲವರು ಸ್ವಂತ ನೆಲವನ್ನು ಕೊಂಡು ಮನೆ ಕಟ್ಟಿಕೊಂಡವರು. ಚರ್ಚುಗಳೂ ಒಂದು ಶಾಲೆಯೂ ಇದ್ದುವು. ೧೮೫೭ರ ವೇಳೆಗೆ ಅವರನ್ನೆಲ್ಲ ಎಬ್ಬಿಸಲಾಯಿತು. ಆಗಿನ ಪತ್ರಿಕೆಗಳು ಆ ಪ್ರದೇಶದವರನ್ನು ಪಾಳುನೆಲದಲ್ಲಿ ಬೀಡುಬಿಟ್ಟ ಅಲೆಮಾರಿಗಳೆಂಬಂತೆ ವರ್ಣಿಸಿದುವು. ಆ ಬಳಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಉದ್ಯಾನದಲ್ಲಿ ವಿಹರಿಸಿದವರಿಗೆ ತಮ್ಮ ಕಾಲ ಕೆಳಗೆ ಒಂದು ಊರಿತ್ತೆಂಬ ಅರಿವೇ ಇರಲಿಲ್ಲ. ಉದ್ಯಾನವು ಸುಂದರವೇ, ಅಲ್ಲಿ ಇಂದು ಎಲ್ಲ ವರ್ಣದ ಜನರೂ ನಡೆದಾಡುವರು. ಆದರೂ ಅದರ ತಳದಲ್ಲಿರುವ ಋಣವು ಸುಂದರವಾದುದರಿಂದ ತೀರಿಲ್ಲ.

ಹಾಗಾದರೆ ಉದ್ಯಾನವನ್ನು ಕೊಡುವವನು ಯಾರು, ತೆಗೆದುಕೊಳ್ಳುವವನು ಯಾರು? ಈ ಪ್ರಶ್ನೆಗೆ ಧರ್ಮಶಾಸ್ತ್ರಕಾರರು ಮಾಡಿರುವ ಒಂದು ಸೂಕ್ಷ್ಮವಾದ ಭೇದವು ಇಲ್ಲಿ ಬಹಳ ಉಪಯೋಗಕ್ಕೆ ಬರುವುದು. ಯಜ್ಞಾದಿಗಳು ಇಷ್ಟವೆನಿಸುವುವು, ಬಾವಿ, ಕೆರೆ, ದೇವಾಲಯ, ಅನ್ನದಾನ, ಆರಾಮಗಳು ಪೂರ್ತವೆನಿಸುವುವು. ಪೂರ್ತವನ್ನು ಲೋಕಕ್ಕೆ ಬಿಟ್ಟುಕೊಡುವ ಕ್ರಿಯೆಗೆ ದಾನವೆಂದು ಹೆಸರಲ್ಲ, ಉತ್ಸರ್ಗವೆಂದು ಹೆಸರು. ದಾನದಲ್ಲಿ ಕೊಡುವವನ ಸ್ವತ್ವವು ಹೋಗಿ ಪಡೆಯುವವನ ಸ್ವತ್ವವು ಹುಟ್ಟುವುದು. ಕೊಟ್ಟವನು ಆ ವಸ್ತುವನ್ನು ಮತ್ತೆ ಮುಟ್ಟುವಂತಿಲ್ಲ. ಉತ್ಸರ್ಗದಲ್ಲಿ ಸ್ವತ್ವದ ತ್ಯಾಗವುಂಟು, ಪ್ರತಿಗ್ರಹೀತೃವಾದ ಒಬ್ಬನಿಲ್ಲ. ಸಮಸ್ತ ಪ್ರಾಣಿಗಳನ್ನುದ್ದೇಶಿಸಿ ಬಿಡುವುದರಿಂದ, ಕೆರೆಯನ್ನು ಕಟ್ಟಿಸಿದವನೂ ಆ ಸಮಸ್ತರೊಳಗೆ ಒಬ್ಬನಾಗಿ ಅದರ ನೀರನ್ನು ಕುಡಿಯಬಹುದು. ಒಡೆಯನಾಗಿ ಅಲ್ಲ, ಬಾಯಾರಿದವನಾಗಿ.

ಈ ಭೇದವನ್ನು ಹಿಡಿದು ನೋಡಿದರೆ ಈಗಿನ ಕ್ರಮದ ದೋಷವು ಸ್ಪಷ್ಟವಾಗುವುದು. ಪುರಸಭೆಯು ಉದ್ಯಾನವನ್ನು ದಾನದಂತೆ ಕೊಡುತ್ತದೆ. ಕಲ್ಲಿನ ಮೇಲೆ ದಾತೃವಿನ ಹೆಸರು. ಕೆಳಗೆ ನಿಂತು ಚಪ್ಪಾಳೆ ತಟ್ಟುವ ಪ್ರತಿಗ್ರಹೀತೃಗಳು. ಆದರೆ ಕೊಟ್ಟ ನೆಲವು ಕೊಟ್ಟವರದಾಗಿತ್ತೆ? ಸೊಪ್ಪು ತರುವವಳ, ದನ ಮೇಯಿಸುವವನ, ಚೆಂಡಾಡುವ ಹುಡುಗನ ಬಳಕೆಯನ್ನು ಅವರಿಗೆ ತಿಳಿಸದೆ ಕಳೆದು, ಅದನ್ನೇ ಅಲಂಕರಿಸಿ ಅವರಿಗೇ ದಾನವಾಗಿ ಕೊಡುವುದು ಯಾವ ನ್ಯಾಯ? ತ್ಯಾಗವನ್ನು ಮಾಡಬೇಕಾದವರು ಬಳಕೆಯುಳ್ಳವರು. ಅವರು ತಿಳಿದು, ಒಪ್ಪಿ, ತಮ್ಮ ಪಾಲನ್ನು ಎಲ್ಲರಿಗಾಗಿ ಬಿಟ್ಟರೆ ಅದು ಉತ್ಸರ್ಗ. ಅವರಿಂದ ತೆಗೆದುಕೊಂಡರೆ ಅದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ಬೇರೆ. ಅದನ್ನು ಇಲ್ಲಿ ಹೇಳುವುದು ಬೇಡ. ಆದುದರಿಂದ ಜನರನ್ನು ಕೇಳಬೇಕಾದುದು ಅವರು ಎಂಜಿನಿಯರಿಗಿಂತ ಬುದ್ಧಿವಂತರೆಂದಲ್ಲ. ಕೊಡತಕ್ಕವರು ಅವರೇ ಎಂಬುದರಿಂದ.

ಜೈಮಿನಿಯ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿಚಾರವು ಬರುವುದು. ವಿಶ್ವಜಿತ್ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಸಾರ್ವಭೌಮನು ಈ ಯಾಗವನ್ನು ಮಾಡಿದರೆ ಭೂಮಿಯನ್ನೂ ಕೊಡಬೇಕೊ? ಕೂಡದೆಂದು ನಿರ್ಣಯ. ಭೂಮಿಯು ಎಲ್ಲರಿಗೂ ಸಮಾನವಾದುದು. ಸಾರ್ವಭೌಮನಿಗೆ ಇರುವುದು ಬೆಳೆಗಳನ್ನು ಕಾಪಾಡಿದುದಕ್ಕಾಗಿ ಪಡೆಯುವ ಭಾಗವು ಮಾತ್ರ. ಭೂಮಂಡಲವನ್ನೇ ಆಳುವವನಿಗೆ ಇಲ್ಲದ ಅಧಿಕಾರವು ಒಂದು ಪ್ರಾಧಿಕಾರಕ್ಕೆ ಎಲ್ಲಿಂದ ಬಂದೀತು?

ಅಧಿಕಾರಿಗಳಿಗೆ ಉದ್ಯಾನದಲ್ಲಿ ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ೧೯೦೫ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಜನಪದವನ್ನು ನೆಲೆಗೊಳಿಸುವ ಪ್ರಕರಣದಲ್ಲಿ, ಜಲಾಶಯಗಳನ್ನು ಕಟ್ಟುವವರಿಗೆ ಅರಸನು ನೆಲ, ದಾರಿ, ಮರ, ಉಪಕರಣಗಳನ್ನು ಒದಗಿಸತಕ್ಕದ್ದೆಂದು ಹೇಳಿ, ಪುಣ್ಯಸ್ಥಾನಗಳಿಗೂ ಆರಾಮಗಳಿಗೂ ಹಾಗೆಯೇ ಎಂದಿದೆ. ಅಂದರೆ ಕಟ್ಟುವವರು ಜನರು, ಸಹಾಯ ಮಾಡುವವನು ಅರಸನು. ಈಗ ಇದು ತಲೆಕೆಳಗಾಗಿ, ಪ್ರಾಧಿಕಾರವು ಕಟ್ಟುವುದು, ಸಾರ್ವಜನಿಕರು ಸಹಕರಿಸಬೇಕೆಂದು ಫಲಕವಿರುವುದು. ಅದೇ ಪ್ರಕರಣದಲ್ಲಿ ಮತ್ತೊಂದು ಕಠಿಣವಾದ ವಿಧಿಯಿದೆ. ಎಲ್ಲರೂ ಸೇರಿ ಕಟ್ಟುವಾಗ ಹಿಂಜರಿದವನು ತನ್ನ ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಬೇಕು. ವೆಚ್ಚದಲ್ಲಿ ಅವನಿಗೆ ಭಾಗವುಂಟು, ಫಲದಲ್ಲಿ ಇಲ್ಲ. ವಿನೋದಕ್ಕಾಗಿ ಮಾಡಿದ ಆರಾಮಗಳೂ ಶಾಲೆಗಳೂ ಹಳ್ಳಿಯಲ್ಲಿ ಕೂಡದೆಂದೂ ಅವನೇ ಹೇಳುವನು. ನಟ, ಗಾಯಕರು ಬಂದು ಒಕ್ಕಲಿಗರ ಕೆಲಸ ಕೆಡಿಸುವರೆಂಬ ಭಯ. ಕೌಟಿಲ್ಯನಿಗೆ ಯಕ್ಷಗಾನದ ರುಚಿಯಿರಲಿಲ್ಲವೆಂದು ತೋರುವುದು.

ಉತ್ಸರ್ಗವಾದ ನೆಲವನ್ನು ಒಳ್ಳೆಯ ಉದ್ದೇಶಕ್ಕಾದರೂ ಮರಳಿ ತೆಗೆದುಕೊಳ್ಳಬಹುದೆ? ಇದಕ್ಕೆ ಉದಾಹರಣೆಯಾಗಿ ಬೆಂಗಳೂರಿನ ಒಂದು ವ್ಯವಹಾರವು ಪ್ರಸಿದ್ಧವಾಗಿದೆ. ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಒಂದು ಬಯಲನ್ನು ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಿಟ್ಟಿತ್ತು. ೧೯೭೬ರಲ್ಲಿ ಸರಕಾರದ ಆಜ್ಞೆಯಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅದನ್ನು ಆಸ್ಪತ್ರೆ ಕಟ್ಟುವುದಕ್ಕಾಗಿ ಒಂದು ವೈದ್ಯಕೀಯ ಟ್ರಸ್ಟಿಗೆ ಕೊಟ್ಟಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತು ವಿಭಾಗೀಯ ಪೀಠದಲ್ಲಿ ಗೆದ್ದರು. ೧೯೯೧ರಲ್ಲಿ ಸುಪ್ರೀಂ ಕೋರ್ಟು ಆ ಗೆಲುವನ್ನು ಎತ್ತಿಹಿಡಿಯಿತು.

ಈ ಮೊಕದ್ದಮೆಯ ಧರ್ಮಸಂಕಟವನ್ನು ಹಗುರವಾಗಿ ಎಣಿಸಬಾರದು. ಒಂದು ಕಡೆ ರೋಗಿ, ಇನ್ನೊಂದು ಕಡೆ ಸಂಜೆಯ ಗಾಳಿಗೆ ಬಂದವನು. ಇವರಿಬ್ಬರಲ್ಲಿ ಯಾರಿಗೆ ನೆಲ ಬೇಕೆಂದು ಕೇಳಿದರೆ ಮಗುವೂ ರೋಗಿಯನ್ನು ತೋರಿಸೀತು. ಆದರೆ ಪ್ರಶ್ನೆಯು ಹಾಗಿರಲಿಲ್ಲ. ಆ ಆಸ್ಪತ್ರೆಯು ಖಾಸಗಿಯದು; ಅದರ ಬಾಗಿಲು ಶುಲ್ಕ ಕೊಡಬಲ್ಲವರಿಗೆ ತೆರೆಯುವುದು. ಬಯಲಿಗೆ ಬಾಗಿಲೇ ಇಲ್ಲ. ಅಮರಸಿಂಹನ ಮಾತಿನಲ್ಲಿ ಹೇಳುವುದಾದರೆ, ಸಾಧಾರಣವನವೊಂದು ಸಾಧಾರಣವಲ್ಲದ ಮನೆಯಾಗುತ್ತಿತ್ತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಯೋಜನೆಯ ನಕ್ಷೆಯಲ್ಲಿ ಉದ್ಯಾನವೆಂದು ಬರೆದುದು ಸಂಕಲ್ಪದಂತೆ. ಅದನ್ನು ನಂಬಿ ಜನರು ಸುತ್ತಲೂ ನಿವೇಶನಗಳನ್ನು ಕೊಂಡಿದ್ದರು. ಅವರನ್ನು ಕೇಳದೆ ಸಂಕಲ್ಪವನ್ನು ಅಳಿಸಲಾಯಿತು. ಯೋಜನೆಯನ್ನು ಬದಲಿಸುವುದಕ್ಕೆ ಕಾಯಿದೆಯಲ್ಲಿ ಒಂದು ಮಾರ್ಗವಿತ್ತು, ಅದನ್ನು ಹಿಡಿಯಲಿಲ್ಲ; ಬಯಲು ಹೋದರೆ ನೋಯುವವರು ನಿವಾಸಿಗಳೇ ಆದುದರಿಂದ ಕೇಳುವ ಹಕ್ಕು ಅವರಿಗುಂಟು; ಇದು ನ್ಯಾಯಾಲಯದ ನಿರ್ಣಯದ ಸಾರ. ೧೯೯೮ರಲ್ಲಿ ಕಬ್ಬನ್ ಉದ್ಯಾನದ ಒಂದು ಭಾಗವನ್ನು ರಕ್ಷಿತ ಎಲ್ಲೆಯಿಂದ ಹೊರಗಿಡುವ ಯತ್ನವು ನಡೆದಾಗ ಬೆಂಗಳೂರಿನ ಜನರು ಬೀದಿಗಿಳಿದುದೂ ಇದೇ ಭಾವದಿಂದ. ಸ್ಯಾಂಕಿಯು ಅವರ ಹಿರಿಯರನ್ನು ಕೇಳಿರಲಿಲ್ಲ. ಆದರೆ ನೂರಿಪ್ಪತ್ತೆಂಟು ವರ್ಷಗಳ ನಡಿಗೆಯಿಂದ ಆ ನೆಲವು ಅವರದಾಗಿತ್ತು. ಪೂರ್ವಪಕ್ಷಕ್ಕೆ ಇಲ್ಲಿ ಒಂದು ಭಾಗದ ಸಮಾಧಾನವು ದೊರೆಯುವುದು. ಕೇಳದೆ ಮಾಡಿದ ಉದ್ಯಾನವೂ ಬಳಕೆಯಿಂದ ಕಾಲಕ್ರಮದಲ್ಲಿ ಸಾಧಾರಣವಾಗಬಲ್ಲದು. ಆದರೆ ಅದಕ್ಕೆ ಒಂದು ಶತಮಾನವು ಬೇಕಾಯಿತು.

ಇಷ್ಟಕ್ಕೆ ನಿಲ್ಲಿಸಿದರೆ ವಿಚಾರವು ಸುಲಭವಾಗಿ ಮುಗಿಯುತ್ತಿತ್ತು. ನಿಜವಾದ ತೊಡಕು ಕೇಳಿದ ಮೇಲೆ ಆರಂಭವಾಗುವುದು. ಊರವರೆಂದರೆ ಯಾರು?

ಉದ್ಯಾನದ ಸಭೆಯನ್ನು ಕರೆದರೆ ಬರುವವರನ್ನು ನೋಡಿರಿ. ಹಗಲು ಹೊತ್ತು ಬಿಡುವುಳ್ಳವರು, ಮಾತನಾಡಿ ರೂಢಿಯಿದ್ದವರು, ಪಕ್ಕದಲ್ಲಿ ಮನೆಯುಳ್ಳವರು, ನಿವೃತ್ತಿವೇತನದಾರರು. ಇವರು ಕೇಳುವುದೂ ತಿಳಿದದ್ದೇ: ನಡೆಯುವುದಕ್ಕೆ ನುಣುಪಾದ ದಾರಿ, ಬೆನ್ನೊರಗುವ ಬೆಂಚು, ಗಲಾಟೆಯಿಲ್ಲದಿರುವುದು, ಹುಡುಗರು ಚೆಂಡಾಡದಂತೆ ಫಲಕ, ಕಡಲೆ ಮಾರುವವನು ಒಳಗೆ ಬಾರದಂತೆ ಕಾವಲು, ಹತ್ತು ಗಂಟೆಗೆ ಬೀಗ. ಒಂದೊಂದೂ ಯುಕ್ತವಾಗಿಯೇ ತೋರುವುದು. ಎಲ್ಲವನ್ನೂ ಕೂಡಿಸಿದರೆ ಪ್ರಮದವನವಾಗುವುದು, ಅಂತಃಪುರದವರ ಬದಲು ಬಡಾವಣೆಯ ಸಂಘದವರಿಗಾಗಿ. ಬೀಗ ಹಾಕುವ ಹತ್ತು ಗಂಟೆಯ ಬಳಿಕವೇ ನೆರಳು ಬೇಕಾಗುವವರು ಬೇರೆ ಇರುವರು: ರಸ್ತೆಯ ಕೆಲಸದವಳು ತನ್ನ ಕೂಸನ್ನು ಮಲಗಿಸಲು, ಮಧ್ಯಾಹ್ನದ ಬುತ್ತಿಯನ್ನು ಬಿಚ್ಚಲು. ಅವಳು ಸಭೆಗೆ ಬಂದಿಲ್ಲ; ಬರುವಂತೆಯೂ ಇಲ್ಲ; ಬಂದರೂ ಯಾರೂ ಕುರ್ಚಿ ಕೊಡರು. ಕೇಳದೆ ಮಾಡಿದ ಅಧಿಕಾರಿಯಾದರೋ ತಾನು ಹೊರಗಿನವನೆಂದು ಸಂಕೋಚಪಟ್ಟಾನು. ಕೇಳಿಸಿಕೊಂಡ ಸಂಘಕ್ಕೆ ಆ ಸಂಕೋಚವೂ ಇರದು.

ಶಾಸ್ತ್ರವನ್ನು ಉದಾಹರಿಸುವವರು ಇಲ್ಲಿ ತಲೆ ತಗ್ಗಿಸಬೇಕಾಗುವುದು. ಪೂರ್ತಧರ್ಮದಲ್ಲಿ ಎಲ್ಲ ವರ್ಣದವರಿಗೂ ಅಧಿಕಾರವಿದೆಯೆಂದು ಸ್ಮೃತಿಗಳು ಹೇಳಿದುವು. ಉತ್ಸರ್ಗದ ಸಂಕಲ್ಪದಲ್ಲಿ ಸಮಸ್ತ ಪ್ರಾಣಿಗಳ ಹೆಸರು ಬಂದಿತು. ಆದರೆ ಕೆರೆಯ ದಂಡೆಯಲ್ಲಿ ನಡೆದುದೇನು? ಮಹಾಡದ ಚವದಾರ್ ಕೆರೆಯನ್ನು ೧೯೨೪ರಲ್ಲಿ ಅಲ್ಲಿಯ ಪುರಸಭೆಯು ಎಲ್ಲರಿಗೂ ತೆರೆದಿದೆಯೆಂದು ನಿರ್ಣಯಿಸಿದ ಮೇಲೆಯೂ ಅಸ್ಪೃಶ್ಯರೆನಿಸಿಕೊಂಡವರು ಅದರ ನೀರನ್ನು ಮುಟ್ಟುವಂತಿರಲಿಲ್ಲ. ೧೯೨೭ರ ಮಾರ್ಚಿಯಲ್ಲಿ ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಕುಡಿಯಬೇಕಾಯಿತು. ಕುಡಿದವರಿಗೆ ಏಟು ಬಿದ್ದಿತು. ಪಶುಪಕ್ಷಿಗಳು ಕುಡಿಯುವ ನೀರನ್ನು ಮನುಷ್ಯನು ಕುಡಿಯಲು ಅಡ್ಡಿ ಮಾಡಿದವರು ಹೊರಗಿನ ಅಧಿಕಾರಿಗಳಲ್ಲ, ಊರವರು. ಒಮ್ಮತವೆಂಬುದು ಎಷ್ಟು ಭಯಂಕರವಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದರ ಮುಂದೆ ಸಣ್ಣದೆನಿಸಿದರೂ ಹತ್ತಿರದ ಒಂದು ನಿದರ್ಶನವುಂಟು. ಕರಾವಳಿಯ ನಾಗಬನಗಳಲ್ಲಿ ಎಷ್ಟನ್ನೋ ಕಳೆದ ಕೆಲವು ದಶಕಗಳಲ್ಲಿ ಕಡಿದು ಸಿಮೆಂಟಿನ ಕಟ್ಟೆಗಳನ್ನು ಕಟ್ಟಿದ್ದಾರೆ. ಯಾವ ಪ್ರಾಧಿಕಾರವೂ ಆಜ್ಞೆ ಮಾಡಲಿಲ್ಲ. ಕುಟುಂಬದವರೂ ಊರವರೂ ಸೇರಿ, ಚಂದಾ ಎತ್ತಿ, ಭಕ್ತಿಯಿಂದಲೇ ಮಾಡಿದರು. ನಾಗನಿಗೆ ನೆಲಹಾಸು ಬಂದಿತು, ನೆರಳು ಹೋಯಿತು.

ಹಾಗಾದರೆ ಕೇಳುವುದೇ ವ್ಯರ್ಥವೆನ್ನಬೇಕೊ? ಅಲ್ಲ. ಕೇಳುವುದರ ಪ್ರಯೋಜನವು ಸರಿಯಾದ ಉತ್ತರವನ್ನು ಪಡೆಯುವುದೆಂದು ಎಣಿಸಿದವರಿಗೆ ಮಾತ್ರ ಈ ನಿರಾಶೆ. ಬಳಕೆಯುಳ್ಳವರ ತ್ಯಾಗವಿಲ್ಲದೆ ಉತ್ಸರ್ಗವಿಲ್ಲವೆಂಬುದು ಕೇಳುವುದಕ್ಕೆ ಕಾರಣವಾಗಿದ್ದರೆ, ಕೇಳಿಸಿಕೊಂಡವರಿಗೂ ಅದರಿಂದಲೇ ಒಂದು ಕಟ್ಟಳೆಯುಂಟಾಗುವುದು. ಸಮಸ್ತರಿಗಾಗಿ ಬಿಡುತ್ತೇವೆಂದು ಸಂಕಲ್ಪಿಸಿ ಕುಳಿತವರು ಆ ಸಮಸ್ತರಲ್ಲಿ ಒಬ್ಬನನ್ನಾದರೂ ಹೊರಗಿಡುವ ನಿರ್ಣಯವನ್ನು ಮಾಡಲಾರರು; ಮಾಡಿದರೆ ಸಂಕಲ್ಪವೇ ಮುರಿಯುವುದು. ದಾರಿ ಎಲ್ಲಿರಬೇಕು, ಮರ ಯಾವುದಿರಬೇಕು, ಬೆಂಚು ಎಷ್ಟಿರಬೇಕು ಎಂಬುದರಲ್ಲಿ ಸಭೆಯು ಸ್ವತಂತ್ರ. ಯಾರು ಬರಬಾರದು ಎಂಬುದರಲ್ಲಿ ಅದಕ್ಕೆ ಅಧಿಕಾರವಿಲ್ಲ. ಬಹುಮತವು ಎಷ್ಟೇ ದೊಡ್ಡದಾದರೂ, ತನ್ನದಲ್ಲದುದನ್ನು ತ್ಯಾಗ ಮಾಡುವುದೂ ತನ್ನದೆಂದು ಇಟ್ಟುಕೊಳ್ಳುವುದೂ ಅದಕ್ಕೆ ಸಲ್ಲದು.

ಕೊಲ್ಲೂರಿನಂಥ ಊರಿನಲ್ಲಿ ಈ ಮಾತಿನ ಭಾರವು ಇನ್ನೂ ಹೆಚ್ಚುವುದು. ಅಲ್ಲಿ ಒಂದು ಊರ ಉದ್ಯಾನವನ್ನು ಮಾಡಬೇಕೆಂದು ಯಾರಾದರೂ ಎಣಿಸಿದರೆಂದೇ ಇಟ್ಟುಕೊಳ್ಳೋಣ. ಸುತ್ತಲೂ ೧೯೭೪ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಮೂಕಾಂಬಿಕಾ ಕಾಡು, ಮೇಲೆ ಕೊಡಚಾದ್ರಿ, ಕೆಳಗೆ ಸೌಪರ್ಣಿಕೆ. ಇಷ್ಟಿರುವಲ್ಲಿ ಉದ್ಯಾನವೇಕೆಂದು ನಗುವವರಿರುವರು. ಆದರೆ ಅಭಯಾರಣ್ಯವು ಮೃಗಗಳಿಗೆ ಮೀಸಲು, ಹೊಳೆಯು ಸ್ನಾನಕ್ಕೆ, ದೇವಸ್ಥಾನದ ಪ್ರಾಕಾರವು ದರ್ಶನಕ್ಕೆ. ಮುದುಕನೊಬ್ಬನು ಕಾರಣವಿಲ್ಲದೆ ಕುಳಿತುಕೊಳ್ಳುವ ಸ್ಥಳವು ಇವುಗಳಲ್ಲಿ ಯಾವುದೂ ಅಲ್ಲ. ಕ್ಷೇತ್ರವು ಬೆಳೆದಷ್ಟೂ ಅಂಗಡಿ, ವಸತಿಗೃಹ, ವಾಹನಗಳ ನಡುವೆ ಅಂಥ ಸ್ಥಳವು ಕಿರಿದಾಗುವುದು.

ಅಲ್ಲಿ ಯಾರನ್ನು ಕೇಳಬೇಕು? ಗ್ರಾಮಸಭೆಯನ್ನು ಕೇಳಬೇಕೆಂಬುದು ನಿರ್ವಿವಾದ. ಆದರೆ ಕೊಲ್ಲೂರಿನ ನೆರಳನ್ನು ಬಳಸುವವರಲ್ಲಿ ಕೊಲ್ಲೂರಿನ ಮತದಾರರೇ ಅಲ್ಪಸಂಖ್ಯಾತರು. ವಿಜಯದಶಮಿಯಂದು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳದಿಂದ ಬರುವ ತಾಯ್ತಂದೆಗಳು, ರಾತ್ರಿಯ ಬಸ್ಸಿನಲ್ಲಿ ಬಂದು ಬಾಗಿಲು ತೆರೆಯುವುದನ್ನು ಕಾಯುವವರು, ಕೊಡಚಾದ್ರಿಗೆ ಜೀಪು ಸಿಗದೆ ಕುಳಿತವರು, ಯಾತ್ರಿಕರನ್ನು ಇಳಿಸಿ ವಾಹನದಲ್ಲಿಯೇ ನಿದ್ರಿಸುವ ಚಾಲಕರು. ಇವರ ಹೆಸರು ಯಾವ ಮತದಾರರ ಪಟ್ಟಿಯಲ್ಲಿಯೂ ಇಲ್ಲ. ಕಾಡಿನಿಂದ ಇಳಿಯುವ ಮಂಗಗಳ ಹೆಸರಂತೂ ಇಲ್ಲವೇ ಇಲ್ಲ. ಉತ್ಸರ್ಗದ ಸಂಕಲ್ಪದಲ್ಲಿ ಅವುಗಳೂ ಸೇರುವುವೆಂಬುದನ್ನು ಹಣ್ಣಿನ ಮರ ನೆಡುವವರು ಮರೆಯಬಾರದು. ಮತ್ತೆ, ಅಲ್ಲಿ ಯಾವ ಗಿಡ ಬರಬೇಕು? ಸುರಗಿ, ಬಕುಳ, ನಾಗಸಂಪಿಗೆಗಳು ಆ ಮಣ್ಣನ್ನು ಬಲ್ಲುವು, ಮಳೆಗಾಲದ ನಾಲ್ಕು ತಿಂಗಳ ಸುರಿತವನ್ನೂ ಆಮೇಲಿನ ಒಣಗನ್ನೂ ತಾಳುವುವು. ವಿದೇಶದ ಹುಲ್ಲುಹಾಸಾದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ, ಬಾವಿಗಳು ತಳ ಕಾಣುವ ಹೊತ್ತಿನಲ್ಲಿ, ನಿತ್ಯವೂ ನೀರನ್ನು ಕೇಳುವುದು. ಆ ನೀರು ಯಾರ ಮನೆಯದೆಂಬುದನ್ನೂ ಸಭೆಯಲ್ಲಿಯೇ ಹೇಳಬೇಕಾಗುವುದು.

ಬಾರದವರ ಪರವಾಗಿ ಮಾತನಾಡಬಲ್ಲವರು ಊರಿನಲ್ಲಿ ಇಲ್ಲದಿಲ್ಲ. ರಥಬೀದಿಯಲ್ಲಿ ಹೂ ಮಾರುವ ಹೆಂಗಸು, ಬಸ್ಸು ನಿಲ್ಲುವಲ್ಲಿ ಚಹಾ ಕಾಸುವವನು, ಕಸ ಗುಡಿಸುವ ಪಂಚಾಯತಿನ ಕೆಲಸದವಳು: ಯಾತ್ರಿಕರು ಯಾವ ಹೊತ್ತಿಗೆ ಬರುವರು, ಎಲ್ಲಿ ಕುಳಿತುಕೊಳ್ಳುವರು, ಮಕ್ಕಳನ್ನು ಎಲ್ಲಿ ಮಲಗಿಸುವರು, ಏನನ್ನು ಎಸೆದುಹೋಗುವರು ಎಂಬುದು ಇವರಷ್ಟು ಯಾರಿಗೂ ತಿಳಿಯದು. ಆದರೆ ಗ್ರಾಮಸಭೆಯು ಸಾಮಾನ್ಯವಾಗಿ ಕೂಡುವುದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಅದೇ ಹೂವಿನ ವ್ಯಾಪಾರದ ಹೊತ್ತು. ಮಧ್ಯಾಹ್ನದ ಮಹಾಪೂಜೆ ಕಳೆದು ಬೀದಿಯು ಬರಿದಾದ ಮೇಲೆ, ಅವಳು ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಕುಳಿತಿರುತ್ತಾಳೆ. ಸಭೆಯನ್ನು ಆಗ, ಅಲ್ಲಿಯೇ, ಕಟ್ಟೆಯ ಮೇಲೆ ಕೂಡಿಸುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.